ಅಳಿಸಿದ ಮೆಸೇಜ್ ಎಲ್ಲಿಂದ ಹೋಗುತ್ತದೆ, ಎಲ್ಲಿ ಉಳಿಯುತ್ತದೆ

ಫೋನಿನ ಡೇಟಾ ಉಳಿಸಿಕೊಡುವುದು ನನ್ನ ಕೆಲಸ. ಮೆಸೇಜ್ ವಿಷಯಕ್ಕೆ ನನ್ನ ಬಳಿ ಬರುವವರಲ್ಲಿ ಎರಡು ಥರದ ಜನ. "ಮೇಡಂ, ಹಳೇ ಫೋನಲ್ಲಿ ಅಳಿಸಿದೆ, ಹೊಸದರಲ್ಲೂ ಹೋಗಿಬಿಟ್ಟಿದೆ" ಅನ್ನುವವರು ಒಂದು ಕಡೆ. "ಎಲ್ಲ ಅಳಿಸಿದ್ದೆ, ಹೊಸ ಫೋನ್ ಶುರು ಮಾಡಿದಾಗ ಅಷ್ಟೂ ವಾಪಸ್ ಬಂದಿದೆ" ಅನ್ನುವವರು ಇನ್ನೊಂದು ಕಡೆ. ಕೇಳುವುದಕ್ಕೆ ಎರಡೂ ತದ್ವಿರುದ್ಧ. ಆದರೆ ಕಾರಣ ಒಂದೇ. ಕ್ಲೌಡಿನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ನಮ್ಮ ಡೇಟಾ ಇಟ್ಟುಕೊಳ್ಳುವ ಕಂಪನಿಯ ಕಂಪ್ಯೂಟರುಗಳಲ್ಲಿ, ಸಿಂಕ್ ಮತ್ತು ಬ್ಯಾಕಪ್ ಅಂತ ಎರಡು ಬೇರೆ ವ್ಯವಸ್ಥೆಗಳಿವೆ. ತಮ್ಮ ಫೋನಿನಲ್ಲಿ ಯಾವುದು ನಡೆಯುತ್ತಿದೆ ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ.

ಸಿಂಕ್ ಅಂದರೆ ಮನೆಮಂದಿಯೆಲ್ಲ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದ ಹಾಗೆ. ಒಬ್ಬರು ಒಂದು ಸಾಲು ಹೊಡೆದುಹಾಕಿದರೆ ಎಲ್ಲರ ಪಾಲಿಗೂ ಆ ಸಾಲು ಹೋಯಿತು. ಬ್ಯಾಕಪ್ ಅಂದರೆ ಹೋದ ವಾರ ಆ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿ ಇಟ್ಟ ಹಾಗೆ. ಇವತ್ತು ಪುಸ್ತಕದಲ್ಲಿ ಏನೇ ಹೊಡೆದುಹಾಕಿದರೂ ಜೆರಾಕ್ಸಿನಲ್ಲಿ ಅದು ಇದ್ದೇ ಇರುತ್ತದೆ. ಮುಂದಿನ ಸಲ ಹೊಸ ಜೆರಾಕ್ಸ್ ಮಾಡಿಸಿ ಹಳೆಯದನ್ನು ಹರಿದು ಹಾಕುವ ತನಕ.

ಐಫೋನ್ ಬಳಸುವವರಿಗೆ ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿ ಎರಡೂ ವ್ಯವಸ್ಥೆ ಇವೆ. 2018ರಲ್ಲಿ ಐಒಎಸ್ 11.4 ಜೊತೆ 'ಮೆಸೇಜಸ್ ಇನ್ ಐಕ್ಲೌಡ್' ಬಂತು. ಅದಕ್ಕೆ ಮುಂಚೆ ಐಫೋನಿನಲ್ಲಿ ಅಳಿಸಿದ್ದು ಐಪ್ಯಾಡಿನಲ್ಲಿ ಹಾಗೇ ಉಳಿಯುತ್ತಿತ್ತು. ಈಗ ಈ ಆಯ್ಕೆ ಆನ್ ಇದ್ದರೆ ಐಫೋನ್, ಐಪ್ಯಾಡ್, ಮ್ಯಾಕ್ ಎಲ್ಲದರಲ್ಲೂ ಇರುವುದು ಒಂದೇ ಪಟ್ಟಿ. ಒಂದರಲ್ಲಿ ಅಳಿಸಿದರೆ ಐಕ್ಲೌಡಿನಿಂದಲೂ ಉಳಿದ ಸಾಧನಗಳಿಂದಲೂ ಹೋಗುತ್ತದೆ. ಆಯ್ಕೆ ಆಫ್ ಇದ್ದರೆ ಮೆಸೇಜುಗಳು ಐಕ್ಲೌಡ್ ಬ್ಯಾಕಪ್‌ನ ಒಳಗೆ ಸೇರುತ್ತವೆ. ಆಗ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ಹೋಗುವುದಿಲ್ಲ. ನಿಮ್ಮದು ಯಾವುದು ಅಂತ ತಿಳಿಯಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರನ್ನು ಒತ್ತಿ, ಐಕ್ಲೌಡ್ ಒಳಗೆ ಮೆಸೇಜಸ್ ನೋಡಿ. ಒಂದೊಂದು ಸಾಧನದಲ್ಲೂ ಪ್ರತ್ಯೇಕವಾಗಿ ನೋಡಬೇಕು. ಫೋನಿನಲ್ಲಿ ಆನ್, ಐಪ್ಯಾಡಿನಲ್ಲಿ ಆಫ್ ಇರುವುದು ತುಂಬಾ ಸಾಮಾನ್ಯ.

ಜನ ಜಾಸ್ತಿ ಕಳೆದುಕೊಳ್ಳುವುದು ಹಳೆಯ ಫೋನನ್ನು ಬೇರೆಯವರಿಗೆ ಕೊಡುವಾಗ. ಹೊಸ ಐಫೋನ್ ಬಂದಿರುತ್ತದೆ. ಹಳೆಯದನ್ನು ಮಗಳಿಗೋ ತಮ್ಮನಿಗೋ ಕೊಡಬೇಕು. ಕೊಡುವ ಮುಂಚೆ ಬ್ಯಾಂಕಿನ ಮೆಸೇಜು, ಮನೆಯವರ ಮಾತುಕತೆ, ಫೋಟೋ ಎಲ್ಲವನ್ನೂ ಕೂತು ಒಂದೊಂದಾಗಿ ಅಳಿಸುತ್ತಾರೆ. ಅಕೌಂಟಿನಿಂದ ಮಾತ್ರ ಹೊರಗೆ ಬಂದಿರುವುದಿಲ್ಲ. ಹಾಗಾಗಿ ಇತ್ತ ಅಳಿಸಿದ್ದೆಲ್ಲ ಅತ್ತ ಹೊಸ ಫೋನಿನಲ್ಲೂ ಮಾಯವಾಗುತ್ತದೆ. ತೀರಿಹೋದ ತಂದೆಯ ಮೆಸೇಜುಗಳನ್ನು ಹೀಗೆ ಕಳೆದುಕೊಂಡವರನ್ನು ನೋಡಿದ್ದೇನೆ. ಅವರಿಗೆ ಏನು ಸಮಾಧಾನ ಹೇಳಲಿ? ಫೋನ್ ಕೊಡುವಾಗ ಯಾವುದನ್ನೂ ಕೈಯಿಂದ ಅಳಿಸಬೇಡಿ. ಹೊಸ ಫೋನಿನಲ್ಲಿ ಎಲ್ಲ ಬಂದಿದೆಯಾ ಅಂತ ನೋಡಿಕೊಳ್ಳಿ. ಆಮೇಲೆ ಹಳೆಯದರಲ್ಲಿ ಐಕ್ಲೌಡಿನಿಂದ ಸೈನ್ ಔಟ್ ಮಾಡಿ, 'ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್' ಒತ್ತಿ. ಅದು ಆ ಫೋನನ್ನು ಮಾತ್ರ ಖಾಲಿ ಮಾಡುತ್ತದೆ, ಐಕ್ಲೌಡನ್ನು ಮುಟ್ಟುವುದಿಲ್ಲ. ದೊಡ್ಡದಾಗಿ ಕಾಣುವ ಆ ಒಂದು ಗುಂಡಿ, ಚಿಕ್ಕ ಚಿಕ್ಕದಾಗಿ ಅಳಿಸುವುದಕ್ಕಿಂತ ಎಷ್ಟೋ ಸುರಕ್ಷಿತ.

ಕೈತಪ್ಪಿ ಅಳಿಸಿದವರಿಗೆ ಒಂದು ದಾರಿ ಇದೆ. 2022ರ ಐಒಎಸ್ 16ರಿಂದ ಮೆಸೇಜಸ್ ಆ್ಯಪಿನಲ್ಲಿ 'ರೀಸೆಂಟ್ಲಿ ಡಿಲೀಟೆಡ್' ಅನ್ನುವ ಜಾಗ ಬಂದಿದೆ. ಅಳಿಸಿದ್ದು 30 ದಿನ ಅಲ್ಲಿರುತ್ತದೆ. ಪೂರ್ತಿ ಹೋಗುವುದಕ್ಕೆ 40 ದಿನದ ತನಕ ಹಿಡಿಯಬಹುದು ಅಂತ ಆ್ಯಪಲ್ ಹೇಳುತ್ತದೆ. ಮೆಸೇಜುಗಳ ಪಟ್ಟಿಯ ಮೇಲ್ಭಾಗದಲ್ಲಿ ಎಡಿಟ್ ಅಥವಾ ಫಿಲ್ಟರ್ ಒತ್ತಿದರೆ ಸಿಗುತ್ತದೆ. ತಡ ಮಾಡದೆ ಅಲ್ಲಿ ನೋಡಿ. ನಿಜಕ್ಕೂ ಅಳಿಸಬೇಕು ಅನ್ನುವವರೂ ಇದನ್ನು ಮರೆಯಬಾರದು. ಮೆಸೇಜ್ ಅಳಿಸಿ ಸುಮ್ನೆ ಬಿಟ್ಟರೆ, ನಿಮ್ಮ ಫೋನ್ ತೆರೆಯಬಲ್ಲ ಯಾರು ಬೇಕಾದರೂ ಒಂದು ತಿಂಗಳು ಅದನ್ನು ಓದಬಹುದು. ಅಲ್ಲಿಂದಲೂ ತೆಗೆಯಬೇಕು.

'ಐಕ್ಲೌಡ್ ಸ್ಟೋರೇಜ್ ತುಂಬಿದೆ' ಅನ್ನುವ ಸೂಚನೆ ಬಂದಾಗ ಇನ್ನೊಂದು ಗಡಿಬಿಡಿ ಆಗುತ್ತದೆ. ಉಚಿತವಾಗಿ ಸಿಗುವುದು 5 ಜಿಬಿ, ಬೇಗ ತುಂಬುತ್ತದೆ. ಸ್ಟೋರೇಜ್ ಪಟ್ಟಿಯಲ್ಲಿ ಮೆಸೇಜಸ್ ಒತ್ತಿದರೆ 'ಡಿಸೇಬಲ್ ಅಂಡ್ ಡಿಲೀಟ್' ಕಾಣುತ್ತದೆ. ಮೊದಲು ಹೇಳಿದ 'ಮೆಸೇಜಸ್ ಇನ್ ಐಕ್ಲೌಡ್' ಸ್ವಿಚ್ ಆಫ್ ಮಾಡಿದರೆ ಆ ಒಂದು ಸಾಧನ ಸಿಂಕ್‌ನಿಂದ ಹೊರಗೆ ಬರುತ್ತದೆ, ಅಷ್ಟೇ. ಈ ಗುಂಡಿ ಹಾಗಲ್ಲ. ಇದು ಐಕ್ಲೌಡಿನಲ್ಲಿರುವ ಮೆಸೇಜುಗಳನ್ನೇ ತೆಗೆದುಹಾಕುತ್ತದೆ. ಮನಸ್ಸು ಬದಲಾದರೆ ವಾಪಸ್ ತೆಗೆದುಕೊಳ್ಳುವುದಕ್ಕೆ 30 ದಿನ ಇರುತ್ತದೆ. ಜಾಗವಷ್ಟೇ ಬೇಕಿದ್ದರೆ ಇದಕ್ಕೆ ಕೈ ಹಾಕಲೇಬೇಡಿ. ಐಫೋನ್ ಸ್ಟೋರೇಜ್ ಒಳಗೆ ಮೆಸೇಜಸ್‌ಗೆ ಹೋದರೆ ದೊಡ್ಡ ವಿಡಿಯೋ, ಫೋಟೋಗಳ ಪಟ್ಟಿ ಸಿಗುತ್ತದೆ. ಬೇಡದ ವಿಡಿಯೋ ತೆಗೆದರೆ ಸಾಕು. ಬರೆದ ಮಾತುಗಳು ಜಾಗ ತಿನ್ನುವುದೇ ಇಲ್ಲ ಅನ್ನಬಹುದು.

ಈಗ ನನಗೆ ತುಂಬಾ ಕಾಳಜಿ ಇರುವ ವಿಷಯ. ನಮ್ಮ ಮನೆಗಳಲ್ಲಿ ಒಂದೇ ಆ್ಯಪಲ್ ಅಕೌಂಟನ್ನು ಮೂರ್ನಾಲ್ಕು ಜನ ಬಳಸುವ ಅಭ್ಯಾಸ ಇದೆ. ಒಮ್ಮೆ ಕೊಂಡ ಆ್ಯಪ್ ಎಲ್ಲರಿಗೂ ಸಿಗಲಿ ಅಂತ ಶುರುವಾಗಿರುತ್ತದೆ. ಆದರೆ ಅಪ್ಪನ ಮೆಸೇಜ್ ಮಗನ ಐಪ್ಯಾಡಿಗೆ ಬರುತ್ತದೆ, ಮಗ ಆಟಕ್ಕೆ ಅಡ್ಡಿ ಅಂತ ಅಳಿಸುತ್ತಾನೆ, ಅಪ್ಪನ ಫೋನಿನಲ್ಲೂ ಹೋಗುತ್ತದೆ. ಬ್ಯಾಂಕಿನ ಒಟಿಪಿ ಕೂಡ ಹೀಗೆ ಮಕ್ಕಳ ಕೈಯಲ್ಲಿರುವ ಸಾಧನದಲ್ಲಿ ಕಾಣಬಹುದು. ಇಂಥ ಮನೆಯಲ್ಲಿ ಒಂದು ಮೆಸೇಜ್ ಅಳಿಸುವುದು ಯಾರೊಬ್ಬರ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಪ್ರತಿಯೊಬ್ಬರಿಗೂ ಅವರದೇ ಅಕೌಂಟ್ ಮಾಡಿಕೊಡಿ. 'ಫ್ಯಾಮಿಲಿ ಶೇರಿಂಗ್' ಮೂಲಕ ಆರು ಜನರ ತನಕ ಒಂದು ಗುಂಪು ಮಾಡಬಹುದು. ಹಲವು ಆ್ಯಪ್‌ಗಳನ್ನು, ಹಣ ಕೊಟ್ಟು ತೆಗೆದುಕೊಂಡ ಸ್ಟೋರೇಜನ್ನು ಹಂಚಿಕೊಳ್ಳಬಹುದು. ಮೆಸೇಜುಗಳು ಅವರವರಿಗೇ ಉಳಿಯುತ್ತವೆ.

ಕೆಲವು ಮನೆಗಳಲ್ಲಿ ಅಕೌಂಟ್ ಹಂಚಿಕೊಂಡಿರುವುದು ಇಷ್ಟ ಇದ್ದು ಅಲ್ಲ. ಗಂಡ ಪಾಸ್‌ವರ್ಡ್ ಕೇಳಿ ಇಟ್ಟುಕೊಂಡಿರುತ್ತಾನೆ. ಹೆಂಡತಿ ತಾಯಿಗೆ ಬರೆದದ್ದನ್ನು ಇನ್ನೊಂದು ಸಾಧನದಲ್ಲಿ ಓದುತ್ತಿರುತ್ತಾನೆ. ಅಂಥ ಅಕ್ಕತಂಗಿಯರಿಗೆ ನನ್ನ ಮಾತು: ಅವಸರದಲ್ಲಿ ಎಲ್ಲ ಅಳಿಸಬೇಡಿ. ನೀವು ಅಳಿಸಿದ್ದು ಅವನ ಕೈಯಲ್ಲಿರುವ ಸಾಧನದಲ್ಲೂ ಮಾಯವಾಗುತ್ತದೆ, ಅವನಿಗೆ ಸುಳಿವು ಸಿಗುತ್ತದೆ. ಬೆದರಿಕೆಯ ಮೆಸೇಜುಗಳು ನಾಳೆ ನಿಮಗೇ ಬೇಕಾಗುತ್ತವೆ. ಮೊದಲು ನಂಬಿಕೆಯವರ ಫೋನಿನಿಂದ ಸಹಾಯ ಕೇಳಿ. ಮಹಿಳಾ ಸಹಾಯವಾಣಿ 181 ಇದೆ. ಐಒಎಸ್ 16ರಿಂದ ಸೆಟ್ಟಿಂಗ್ಸ್‌ನ 'ಪ್ರೈವೆಸಿ ಅಂಡ್ ಸೆಕ್ಯುರಿಟಿ' ಒಳಗೆ 'ಸೇಫ್ಟಿ ಚೆಕ್' ಇದೆ. ಯಾವ ಸಾಧನಕ್ಕೆ, ಯಾರಿಗೆ ನಿಮ್ಮ ಮಾಹಿತಿ ಹೋಗುತ್ತಿದೆ ಅಂತ ತೋರಿಸಿ, ಅದನ್ನು ನಿಲ್ಲಿಸುವ ದಾರಿಯನ್ನೂ ಕೊಡುತ್ತದೆ. ನೀವು ಸುರಕ್ಷಿತ ಜಾಗದಲ್ಲಿ ಇದ್ದಾಗ ಅದನ್ನು ಬಳಸಿ.

ಆಂಡ್ರಾಯ್ಡ್ ಕಥೆ ಬೇರೆ. ಅಲ್ಲಿ ಎಸ್‌ಎಂಎಸ್‌ಗೆ ಗೂಗಲ್ ಕೊಡುವುದು ಮುಖ್ಯವಾಗಿ ಬ್ಯಾಕಪ್. ಎರಡು ಆಂಡ್ರಾಯ್ಡ್ ಫೋನ್‌ಗಳಲ್ಲಿ ಒಂದೇ ಜಿಮೇಲ್ ಇದ್ದರೂ ಒಂದರ ಎಸ್‌ಎಂಎಸ್ ಇನ್ನೊಂದರಲ್ಲಿ ತಾನಾಗೇ ಅಳಿಯುವುದಿಲ್ಲ. ಫೋನಿನ ಬ್ಯಾಕಪ್ ಆನ್ ಇದ್ದರೆ, ಸಾಮಾನ್ಯವಾಗಿ ಫೋನ್ ಚಾರ್ಜಿಗೆ ಹಾಕಿ ವೈಫೈ ಜೊತೆ ಸುಮ್ಮನೆ ಇಟ್ಟಾಗ, ಎಸ್‌ಎಂಎಸ್‌ಗಳ ನಕಲು ನಿಮ್ಮ ಗೂಗಲ್ ಅಕೌಂಟಿಗೆ ಹೋಗುತ್ತದೆ. ಇವತ್ತು ಬೆಳಿಗ್ಗೆ ನೀವು ಅಳಿಸಿದ್ದು ನಿನ್ನೆ ರಾತ್ರಿಯ ಬ್ಯಾಕಪ್‌ನಲ್ಲಿ ಇರುತ್ತದೆ. ಇವತ್ತೇ ಹೊಸ ಫೋನಿಗೆ ಅದನ್ನು ಇಳಿಸಿಕೊಂಡರೆ ಅಳಿಸಿದ್ದು ವಾಪಸ್ ಬರುತ್ತದೆ. ನಾನು ಮೊದಲು ಹೇಳಿದ ಎರಡನೇ ಥರದ ದೂರು ಹುಟ್ಟುವುದು ಇಲ್ಲೇ.

ಈ ಬ್ಯಾಕಪ್ ಒಳಗೆ ಹೋಗಿ ಒಂದು ಮೆಸೇಜ್ ಹುಡುಕಿ ಅಳಿಸುವುದಕ್ಕೆ ಆಗುವುದಿಲ್ಲ. ಇದ್ದರೆ ಪೂರ್ತಿ, ಹೋದರೆ ಪೂರ್ತಿ. ಅದಕ್ಕೇ ಕ್ರಮ ಮುಖ್ಯ. ಮೊದಲು ಫೋನಿನಲ್ಲಿ ಅಳಿಸಿ. ಆಮೇಲೆ ಸೆಟ್ಟಿಂಗ್ಸ್‌ನ ಗೂಗಲ್ ಭಾಗದಲ್ಲಿ ಬ್ಯಾಕಪ್‌ಗೆ ಹೋಗಿ 'ಬ್ಯಾಕಪ್ ನೌ' ಒತ್ತಿ. ಹಳೆಯ ನಕಲಿನ ಜಾಗಕ್ಕೆ ಹೊಸದು ಬರುತ್ತದೆ. ನೀವು ಮಾರಿಬಿಟ್ಟ ಹಳೆಯ ಫೋನುಗಳ ಬ್ಯಾಕಪ್ ಕೂಡ ಇರಬಹುದು. ಗೂಗಲ್ ಡ್ರೈವ್ ಆ್ಯಪಿನಲ್ಲಿ ಬ್ಯಾಕಪ್ಸ್ ಅನ್ನುವ ಕಡೆ ಫೋನಿನ ಹೆಸರಿನ ಸಮೇತ ಕಾಣುತ್ತವೆ. ಬೇಡದ್ದನ್ನು ತೆಗೆಯಿರಿ. 57 ದಿನ ಫೋನ್ ಬಳಸದೇ ಇದ್ದರೆ ಅದರ ಬ್ಯಾಕಪ್ ತಾನಾಗೇ ಅಳಿದುಹೋಗಬಹುದು. ಫೋನ್ ಕೆಟ್ಟು ಮೂಲೆಯಲ್ಲಿ ಇಟ್ಟವರಿಗೆ ಇದು ಗೊತ್ತಿರುವುದು ಕಡಿಮೆ. "ಬ್ಯಾಕಪ್ ಇದೆ, ನಿಧಾನಕ್ಕೆ ನೋಡೋಣ" ಅಂತ ಎರಡು ತಿಂಗಳು ಬಿಟ್ಟರೆ ಕೈಗೆ ಏನೂ ಸಿಗದೇ ಹೋಗಬಹುದು. ಬ್ಯಾಕಪ್ ಸ್ವಿಚ್ಚನ್ನೇ ಆಫ್ ಮಾಡಿದರೂ ಕ್ಲೌಡಿನಲ್ಲಿರುವ ನಕಲು ಅಳಿಯುತ್ತದೆ. ಆ್ಯಪಲ್ ಇಲ್ಲಿ ಸ್ವಲ್ಪ ಉದಾರಿ. ಐಕ್ಲೌಡ್ ಬ್ಯಾಕಪ್ ನಿಲ್ಲಿಸಿದ ಮೇಲೂ ಕೊನೆಯ ನಕಲನ್ನು 180 ದಿನ ಇಟ್ಟುಕೊಳ್ಳುತ್ತದೆ.

ಆಂಡ್ರಾಯ್ಡಿನಲ್ಲೂ ಒಂದು ಕಡೆ ಸಿಂಕ್ ಇದೆ. ಗೂಗಲ್ ಮೆಸೇಜಸ್ ಆ್ಯಪನ್ನು ಕಂಪ್ಯೂಟರಿನ ಬ್ರೌಸರಿಗೆ ಜೋಡಿಸಿದ್ದರೆ, ಅಲ್ಲಿ ಅಳಿಸಿದ್ದು ಫೋನಿನಲ್ಲೂ ಹೋಗುತ್ತದೆ. ಆಫೀಸಿನ ಕಂಪ್ಯೂಟರಿಗೆ ಯಾವಾಗಲೋ ಜೋಡಿಸಿ ಮರೆತಿರುತ್ತೀರಿ, ಅಲ್ವಾ? ಆ್ಯಪಿನ ಮೆನುವಿನಲ್ಲಿ 'ಡಿವೈಸ್ ಪೇರಿಂಗ್' ತೆರೆದು ನೋಡಿ, ಗೊತ್ತಿಲ್ಲದ್ದನ್ನು ಕಿತ್ತುಹಾಕಿ. ಇದೇ ಆ್ಯಪಿನಲ್ಲಿ ಒಟಿಪಿಗಳನ್ನು 24 ಗಂಟೆ ಆದ ಮೇಲೆ ತಾನಾಗೇ ಅಳಿಸುವ ಆಯ್ಕೆಯೂ ನಮ್ಮ ದೇಶದವರಿಗೆ ಇದೆ. ಅದನ್ನು ಆನ್ ಮಾಡಿಕೊಳ್ಳಿ ಅಂತ ಬಂದವರಿಗೆಲ್ಲ ಹೇಳುತ್ತೇನೆ.

ವಾಟ್ಸಾಪ್ ಬಗ್ಗೆ ಚುಟುಕಾಗಿ. ಜೋಡಿಸಿದ ಸಾಧನಗಳ ನಡುವೆ ಅದು ಸಿಂಕ್, ಗೂಗಲ್ ಡ್ರೈವ್ ಅಥವಾ ಐಕ್ಲೌಡಿನಲ್ಲಿ ಅದು ಬ್ಯಾಕಪ್. 'ಡಿಲೀಟ್ ಫಾರ್ ಎವರಿವನ್'ಗೆ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಅವಕಾಶ ಇದೆ. ಅಷ್ಟರಲ್ಲಿ ಆ ಕಡೆಯವರ ಬ್ಯಾಕಪ್ ಆಗಿಹೋಗಿದ್ದರೆ ಅದರಲ್ಲಿ ನಿಮ್ಮ ಮಾತು ಉಳಿದಿರುತ್ತದೆ. ಆಂಡ್ರಾಯ್ಡ್ ಫೋನಿನ ಒಳಗೇ ಏಳು ದಿನದ ತನಕದ ಲೋಕಲ್ ಬ್ಯಾಕಪ್‌ಗಳು ಇರುತ್ತವೆ ಅನ್ನುವುದೂ ನೆನಪಿರಲಿ.

ಫೋಟೋಗಳ ದಾರಿಯೇ ಬೇರೆ. ಮೆಸೇಜಿನಲ್ಲಿ ಬಂದ ಚಿತ್ರ ಒಮ್ಮೆ ಗ್ಯಾಲರಿಗೆ ಸೇರಿದರೆ ಅದು ಸ್ವತಂತ್ರ. ಮೆಸೇಜ್ ಅಳಿಸಿದರೂ ಗೂಗಲ್ ಫೋಟೋಸ್‌ನಲ್ಲೋ ಐಕ್ಲೌಡ್ ಫೋಟೋಸ್‌ನಲ್ಲೋ ಅದು ಇರುತ್ತದೆ. ಅಲ್ಲಿ ಅಳಿಸಿದರೂ ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ, ಬ್ಯಾಕಪ್ ಆದ ಚಿತ್ರ 60 ದಿನ ಇರುತ್ತದೆ. ಆಧಾರ್, ಪ್ಯಾನ್ ಕಾರ್ಡಿನ ಫೋಟೋ ಮೆಸೇಜಿನಲ್ಲಿ ಕಳಿಸಿ ಆಮೇಲೆ ಅಳಿಸುವವರು ಇಷ್ಟನ್ನೂ ನೋಡಬೇಕು. ಕಂಪ್ಯೂಟರಿಗೆ ಕೇಬಲ್ ಹಾಕಿ ತೆಗೆದ ಐಫೋನ್ ಬ್ಯಾಕಪ್, ಮ್ಯಾಕಿನ ಬ್ಯಾಕಪ್ ಇಡುವ ಟೈಮ್ ಮೆಷೀನ್ ಡಿಸ್ಕ್ ಇವುಗಳಿಗೆ ಕ್ಲೌಡಿನಲ್ಲಿ ನಡೆದದ್ದು ತಿಳಿಯುವುದೇ ಇಲ್ಲ. ಅವನ್ನು ನೀವೇ ಹೋಗಿ ತೆಗೆಯಬೇಕು.

ನೀವು ಎಷ್ಟೇ ಅಚ್ಚುಕಟ್ಟಾಗಿ ಅಳಿಸಿದರೂ ಆ ಕಡೆಯವರ ಫೋನಿನಲ್ಲಿರುವ ಎಸ್‌ಎಂಎಸ್ ನಿಮ್ಮ ಕೈಯಲ್ಲಿಲ್ಲ. ಆ್ಯಪಲ್ ಸಾಧನಗಳ ನಡುವೆ ಇಂಟರ್ನೆಟ್ ಮೂಲಕ ಹೋಗುವ ಐಮೆಸೇಜ್ ಆದರೆ ಕಳಿಸಿದ ಎರಡು ನಿಮಿಷದ ಒಳಗೆ ವಾಪಸ್ ತೆಗೆಯಬಹುದು, ಎಸ್‌ಎಂಎಸ್‌ಗೆ ಅದೂ ಇಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ ಯಾವಾಗ ಹೋಯಿತು ಅನ್ನುವ ದಾಖಲೆ ಟೆಲಿಕಾಂ ಕಂಪನಿಯಲ್ಲಿ ಬೇರೆಯೇ ಇರುತ್ತದೆ. ಅದನ್ನು ಕನಿಷ್ಠ ಎರಡು ವರ್ಷ ಇಟ್ಟಿರಬೇಕು ಅಂತ ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ.

ಇನ್ನು, ಅಳಿಸಲೇಬಾರದ ಸಂದರ್ಭ. ಆನ್‌ಲೈನ್ ಮೋಸದಲ್ಲಿ ಹಣ ಹೋದಾಗ ಎಷ್ಟೋ ಜನ ಮೊದಲು ಮಾಡುವ ಕೆಲಸ ಆ ಮೆಸೇಜ್ ಅಳಿಸುವುದು. ಮನೆಯವರು ನೋಡಿದರೆ ಬೈಯುತ್ತಾರೆ ಅನ್ನುವ ಭಯ, ನಾಚಿಕೆ. ಹಿರಿಯರಲ್ಲಿ ಇದು ಇನ್ನೂ ಜಾಸ್ತಿ. ಸಿಂಕ್ ಆನ್ ಇದ್ದರೆ ಒಂದು ಸಲ ಬೆರಳು ಆಡಿಸಿದ್ದಕ್ಕೆ ಎಲ್ಲ ಕಡೆಯ ಪ್ರತಿಯೂ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಮನೆಯಲ್ಲಿ ಯಾರಿಗಾದರೂ ಹೀಗಾದರೆ ಅವರನ್ನು ಬೈಯಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಬರೆಸಿ. ಕಳಿಸಿದವರ ಹೆಸರು ಅಥವಾ ನಂಬರ್, ದಿನ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಸ್ಕ್ರೀನ್‌ಶಾಟ್ ಇದೆಯಲ್ಲ ಅಂತ ಮೂಲ ಮೆಸೇಜನ್ನು ತೆಗೆಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಮೆಸೇಜ್ ಬಂದ ಫೋನೇ ಕೈಯಲ್ಲಿದ್ದರೆ ಆ ಕೆಲಸ ಸುಲಭ. ಆದ್ದರಿಂದ ತನಿಖೆ ಮುಗಿಯುವ ತನಕ ಆ ಫೋನನ್ನು ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜಿಗೂ ಹಾಕಬೇಡಿ. ಐಫೋನ್ ಆಗಿದ್ದರೆ ಮೆಸೇಜಸ್ ಸೆಟ್ಟಿಂಗಿನಲ್ಲಿ 'ಕೀಪ್ ಮೆಸೇಜಸ್' ಎಷ್ಟಕ್ಕೆ ಇಟ್ಟಿದ್ದೀರಿ ಅಂತ ಇವತ್ತೇ ನೋಡಿ. 30 ದಿನ ಅಂತ ಇದ್ದರೆ 'ಫಾರೆವರ್' ಮಾಡಿ. ಇಲ್ಲದಿದ್ದರೆ ನೀವು ಏನೂ ಮುಟ್ಟದೇ ಇದ್ದರೂ ತಿಂಗಳು ತುಂಬಿದ ಮೇಲೆ ಫೋನೇ ಅದನ್ನು ಅಳಿಸುತ್ತದೆ.