ಹೊಗಳಿಕೆಯ ಕೂಲಿ

1998ರ ‘ಹಾಫ್-ಲೈಫ್’ ಎಂಬ ಕಂಪ್ಯೂಟರ್ ಗೇಮನ್ನು ಹೊಸ ಎಂಜಿನ್‌ನಲ್ಲಿ, ಅಂದರೆ ಗೇಮ್ ನಡೆಸುವ ಹೊಸ ತಂತ್ರಾಂಶದಲ್ಲಿ, ಮತ್ತೆ ಕಟ್ಟಲು ಹೊರಟಿದ್ದ ಎರಡು ಹವ್ಯಾಸಿ ತಂಡಗಳು 2005ರಲ್ಲಿ ಒಂದಾದವು. ಸಂಬಳವಿಲ್ಲ, ಕಚೇರಿಯಿಲ್ಲ. ‘ಬ್ಲ್ಯಾಕ್ ಮೆಸಾ’ ಎಂಬ ಆ ಮಾಡ್ (ಇರುವ ಗೇಮನ್ನು ಅಭಿಮಾನಿಗಳೇ ತಿದ್ದಿ ಕಟ್ಟುವ ರೂಪ) 2009ರಲ್ಲಿ ಬರುತ್ತದೆ ಎಂದ ಟ್ರೇಲರ್ ಸುಳ್ಳಾಯಿತು. 2012ರಲ್ಲಿ ಕೊನೆಗೂ ಬಂದಾಗ ಕಥೆ ಮುಗಿಯುವ ‘ಝೆನ್’ ಲೋಕವೇ ಅದರಲ್ಲಿರಲಿಲ್ಲ. ಆದರೂ ತಂಡ ಚದುರಲಿಲ್ಲ.

ಅಭಿಮಾನಿಗಳ ಪ್ರೀತಿಯೇ ಕಾರಣ ಎಂದು ಕೈತೊಳೆದುಕೊಳ್ಳಬಹುದು. ಆದರೆ ಪ್ರೀತಿ ಮನುಷ್ಯನಿಂದ ಕೆಲಸ ಮಾಡಿಸುವುದು ಹೇಗೆ?

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ನೆನಪಾಗುತ್ತವೆ. ವಿದ್ಯಾರ್ಥಿಗಳ ಮುಂದೆ ಏಳು ತುಂಡುಗಳನ್ನು ಜೋಡಿಸಿ ಆಕಾರ ಕಟ್ಟುವ ಸೋಮಾ ಒಗಟು. ಪಕ್ಕದಲ್ಲಿ ಓದಲು ಪತ್ರಿಕೆಗಳು. ನಡುವೆ ಪ್ರಯೋಗ ನಡೆಸುವವರು ಏನೋ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ನಿಜವಾದ ಪರೀಕ್ಷೆ ಆ ಎಂಟು ನಿಮಿಷದ್ದು. ಬಿಡಿಸಿದ ಒಂದೊಂದು ಒಗಟಿಗೂ ಡಾಲರ್ ಪಡೆದವರಲ್ಲಿ, ಹಣ ನಿಂತ ಮೇಲೆ ಬಿಡುವಿನಲ್ಲಿ ಒಗಟಿಗೆ ಕೈಹಾಕುವ ಉತ್ಸಾಹ ತಗ್ಗಿತು. ಬಾಯಿಮಾತಿನ ಮೆಚ್ಚುಗೆ ಪಡೆದವರಲ್ಲಿ ಹಾಗಾಗಲಿಲ್ಲ. ಡೆಸಿ ಕೊಟ್ಟ ವಿವರಣೆ ಹೀಗೆ: ಹಣ ಬಂದಾಗ ‘ದುಡ್ಡಿಗಾಗಿ ಮಾಡುತ್ತಿದ್ದೇನೆ’ ಎನಿಸುತ್ತದೆ, ಮೆಚ್ಚುಗೆ ‘ಇದು ನನಗೆ ಬರುತ್ತದೆ’ ಎಂಬ ಭರವಸೆ ಕೊಡುತ್ತದೆ.

ಎಲ್ಲ ಮೆಚ್ಚುಗೆಯೂ ಒಂದೇ ತೂಕದ್ದಲ್ಲ. ‘ಅದ್ಭುತ’ ಎಂಬ ಸಾವಿರ ಉದ್ಗಾರಗಳಿಗಿಂತ, ‘ಲಿಫ್ಟ್ ಹತ್ತಿದ ಕೂಡಲೇ ಪಾತ್ರ ನೆಲದೊಳಗೆ ಕುಸಿಯುತ್ತದೆ, ಆಟ ನಿಂತ ಹಂತದ ಸೇವ್ ಫೈಲ್ ಕಳಿಸಿದ್ದೇನೆ’ ಎನ್ನುವ ಒಬ್ಬ ಆಟಗಾರ ಹೆಚ್ಚು ಬಲ ಕೊಡುತ್ತಾನೆ ಎಂದು ನನ್ನ ಅನಿಸಿಕೆ. ಅವನು ಆ ಕೆಲಸವನ್ನು ಆಡಿ ನೋಡಿದ್ದಾನೆ. ‘ಬಿಡುಗಡೆ ಯಾವಾಗ?’ ಎಂದು ದಿನವೂ ಪೀಡಿಸುವವನದ್ದೂ ಅಭಿಮಾನವೇ, ಆದರೆ ಅವನು ಹವ್ಯಾಸವನ್ನು ಸಾಲವಾಗಿಸುತ್ತಾನೆ. ಸ್ವಂತ ಇಚ್ಛೆಯಿಂದ ಮಾಡುತ್ತಿದ್ದೇನೆ ಎಂಬ ಭಾವವೇ ಕಳಚಿಬೀಳುತ್ತದೆ.

2015ರ ಏಪ್ರಿಲ್‌ನಲ್ಲಿ ‘ಹಾಫ್-ಲೈಫ್’ ತಯಾರಿಸಿದ ವಾಲ್ವ್ ಮತ್ತು ‘ಸ್ಕೈರಿಮ್’ ಗೇಮ್‌ನ ಬೆಥೆಸ್ಡಾ ಕಂಪನಿಗಳು ‘ಸ್ಕೈರಿಮ್’ ಮಾಡ್‌ಗಳನ್ನು ಮಾರಲು ಅವಕಾಶ ಕೊಟ್ಟವು. ಮಾಡಿದವರ ಪಾಲು ಶೇ. 25. ಗದ್ದಲವೆದ್ದು ಕೆಲವೇ ದಿನಗಳಲ್ಲಿ ಯೋಜನೆ ವಾಪಸಾಯಿತು. ಆಟಗಾರರ ಜಿಪುಣತನವಷ್ಟೇ ಇದಕ್ಕೆ ಕಾರಣವಲ್ಲ. ಅನೇಕ ಮಾಡ್‌ಗಳು ಇನ್ನೊಬ್ಬರ ಮಾಡ್ ಮೇಲೆ ನಿಂತಿರುತ್ತವೆ. ನಿನ್ನೆಯವರೆಗಿನ ಉಪಕಾರಕ್ಕೆ ಇಂದು ಲೆಕ್ಕ ಯಾರು ಬರೆಯುವುದು?

ಹಾಗೆಂದು ಹಣ ವಿಷವೇನಲ್ಲ. ಅದೇ 2015ರ ಮೇ ತಿಂಗಳಲ್ಲಿ, ವಾಲ್ವ್‌ನ ಒಪ್ಪಿಗೆಯೊಂದಿಗೆ, ‘ಬ್ಲ್ಯಾಕ್ ಮೆಸಾ’ ಅಪೂರ್ಣವಾಗಿಯೇ ಮಾರಾಟಕ್ಕೆ ಬಂತು. ಜನ ಕೊಂಡರು, ತಂಡ 2020ರ ಮಾರ್ಚ್‌ನಲ್ಲಿ ಝೆನ್ ಸಮೇತ ಗೇಮನ್ನು ಪೂರ್ತಿಗೊಳಿಸಿತು.