ಸದ್ದು ಎಲ್ಲಿಗೆ ಹೋಯಿತು? ರಾಯಚೂರಿನ ರೇಸ್ ಪ್ರಿಯರ ಜಗಳಕ್ಕೊಂದು ಹಿನ್ನೆಲೆ

ರಾಯಚೂರಿನವರು ಹೆಸರಾಂತ ರೇಸ್ ಟ್ರ್ಯಾಕ್ ನೋಡಬೇಕೆಂದರೆ ಚೆನ್ನೈ ಬಳಿಯ ಇರುಂಗಾಟುಕೊಟ್ಟೈಗೋ ಕೊಯಮತ್ತೂರಿಗೋ ಹೋಗಬೇಕು. ಇಲ್ಲಿನ ಫಾರ್ಮುಲಾ ಒನ್ ಅಭಿಮಾನಿಗಳಲ್ಲಿ ಹೆಚ್ಚಿನವರು ಆ ಕಾರನ್ನು ಕಣ್ಣಾರೆ ಕಂಡವರಲ್ಲ. ಆದರೂ ಯುರೋಪಿನ ರೇಸ್ ಇರುವ ಭಾನುವಾರ, ಸಂಜೆ ಆರೂವರೆಗೆ ಶುರುವಾದದ್ದು ಮುಗಿಯುತ್ತಿದ್ದಂತೆ, ತೀನ್ ಕಂದೀಲ್ ಸುತ್ತಮುತ್ತಲಿನ ಚಹಾದಂಗಡಿಗಳಲ್ಲಿ ಎರಡು ಪಂಗಡಗಳು ಎದುರುಬದುರಾಗುತ್ತವೆ. ಗೆದ್ದವರು ಯಾರು ಎಂಬುದು ಎರಡೇ ನಿಮಿಷದ ಮಾತು. ಉಳಿದ ಹೊತ್ತೆಲ್ಲ ಎಂಜಿನ್ ಸದ್ದಿನದೇ ಚರ್ಚೆ. ಹತ್ತು ಸಿಲಿಂಡರಿನ ವಿ10 ಎಂಜಿನ್ ಕಾಲದವರಿಗೆ ಪೆಟ್ರೋಲಿನ ಜೊತೆ ವಿದ್ಯುತ್ ಮೋಟಾರೂ ಇರುವ ಈಗಿನ ಹೈಬ್ರಿಡ್ ಕಾರು ಹಿಟ್ಟಿನ ಗಿರಣಿಯಂತೆ ಕೇಳಿಸುತ್ತದೆ. ಈ ಕಾರಿನ ವೇಗವನ್ನು ನಿಮ್ಮ ಹಳೆಯ ಕಾರು ಮುಟ್ಟಲಿ ನೋಡೋಣ ಎಂಬುದು ಹೊಸಬರ ಉತ್ತರ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಎಲ್ಲಿದೆ ಎಂದು ತಿಳಿಯಲು ಸ್ವಲ್ಪ ಲೆಕ್ಕ, ಸ್ವಲ್ಪ ಚರಿತ್ರೆ ಬೇಕು.

ಮೊದಲು ಲೆಕ್ಕ. ರೇಸ್ ಕಾರಿನ ಎಂಜಿನ್ ನಾಲ್ಕು ಹಂತದ್ದು, ಅಂದರೆ ಒಂದು ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಸಿಡಿಯುತ್ತದೆ. ಹತ್ತು ಸಿಲಿಂಡರುಗಳ ವಿ10 ನಿಮಿಷಕ್ಕೆ 19,000 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 1,580 ಸಿಡಿತಗಳಾಗುತ್ತವೆ. 18,000 ಸುತ್ತಿನ ವಿ8ಕ್ಕೆ ಇದು 1,200. ಈಗಿನ ಆರು ಸಿಲಿಂಡರಿನ ಟರ್ಬೊ ಎಂಜಿನ್‌ಗೆ, ಅಂದರೆ ಹೊಗೆಯ ಬಲದಿಂದಲೇ ಒಳಗೆ ಹೆಚ್ಚು ಗಾಳಿ ತುಂಬಿಕೊಳ್ಳುವ ಎಂಜಿನ್‌ಗೆ, ನಿಯಮ 15,000 ಸುತ್ತಿನವರೆಗೆ ಅವಕಾಶ ಕೊಟ್ಟಿತ್ತು. ಆದರೆ ಅದೇ ನಿಯಮ 10,500 ಸುತ್ತು ದಾಟಿದ ಮೇಲೆ ಗಂಟೆಗೆ 100 ಕಿಲೋಗಿಂತ ಹೆಚ್ಚು ಇಂಧನ ಹರಿಯಬಾರದು ಎಂದೂ ಹೇಳಿತ್ತು. ಹೆಚ್ಚು ತಿರುಗಿಸಿ ಲಾಭವಿಲ್ಲದ್ದರಿಂದ ಚಾಲಕರು 12,000ದ ಆಸುಪಾಸಿನಲ್ಲೇ ಗೇರ್ ಬದಲಿಸಿದರು. ಅಲ್ಲಿಗೆ ಸೆಕೆಂಡಿಗೆ 600 ಸಿಡಿತ. ವಿ10ರ ಸ್ವರಕ್ಕಿಂತ ಇದು ಒಂದು ಸ್ಥಾಯಿಗೂ ಮೀರಿ ಕೆಳಗಿದೆ. ಕಿವಿ ತಪ್ಪು ಹೇಳಿಲ್ಲ, ಸ್ವರ ನಿಜಕ್ಕೂ ಇಳಿದಿದೆ.

ಇಳಿದದ್ದು ಸ್ವರ ಮಾತ್ರವಲ್ಲ, ಗಟ್ಟಿತನವೂ ಇಳಿದಿದೆ. ಹಳೆಯ ಎಂಜಿನ್‌ನಲ್ಲಿ ಸುಟ್ಟ ಅನಿಲ ಸಿಲಿಂಡರಿನಿಂದ ಹೊರಬಿದ್ದು, ನೇರ ಕೊಳವೆಯ ಮೂಲಕ ಗಾಳಿಗೆ ಅಪ್ಪಳಿಸುತ್ತಿತ್ತು. ಅದರಲ್ಲಿ ಬೇಕಾದಷ್ಟು ಶಾಖ, ಒತ್ತಡ ಉಳಿದಿರುತ್ತಿತ್ತು. ನಾವು ರೋಮಾಂಚನಗೊಂಡು ಕೇಳುತ್ತಿದ್ದದ್ದು ಆ ಉಳಿಕೆಯನ್ನೇ, ಅಂದರೆ ಚಕ್ರ ತಿರುಗಿಸದೆ ಪೋಲಾಗುತ್ತಿದ್ದ ಇಂಧನವನ್ನು. ಹೊಸ ಎಂಜಿನ್‌ನಲ್ಲಿ ಆ ಅನಿಲ ಮೊದಲು ಟರ್ಬೊದ ಚಕ್ರವನ್ನು ತಿರುಗಿಸಬೇಕು. 2014ರಿಂದ 2025ರವರೆಗೆ ಅದೇ ದಂಡಕ್ಕೆ ಎಂಜಿಯು-ಎಚ್ ಎಂಬ ಇನ್ನೊಂದು ಯಂತ್ರವೂ ಜೋಡಣೆಯಾಗಿತ್ತು. ನಿಮಿಷಕ್ಕೆ 1,25,000 ಸುತ್ತಿನವರೆಗೆ ತಿರುಗಬಲ್ಲ ಈ ಪುಟ್ಟ ಜನರೇಟರ್ ಹೊಗೆಯ ಬಲದಿಂದಲೇ ವಿದ್ಯುತ್ ತೆಗೆಯುತ್ತಿತ್ತು. ಇಷ್ಟೆಲ್ಲ ಹಿಂಡಿಸಿಕೊಂಡು ಹೊರಬರುವ ಅನಿಲಕ್ಕೆ ಕೂಗಲು ತ್ರಾಣ ಎಲ್ಲಿಂದ ಬರಬೇಕು? 2017ರಲ್ಲಿ ಮರ್ಸಿಡಿಸ್ ತನ್ನ ರೇಸ್ ಎಂಜಿನ್ ಪರೀಕ್ಷಾ ಪೀಠದಲ್ಲಿ ಇಂಧನದ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಕೆಲಸವಾಗಿ ಪರಿವರ್ತಿಸಿತು ಎಂದು ಪ್ರಕಟಿಸಿತು. ಪೆಟ್ರೋಲ್ ಎಂಜಿನ್‌ನ ಚರಿತ್ರೆಯಲ್ಲಿ ಅದು ಸಣ್ಣ ಮಾತಲ್ಲ.

ಸದ್ದಿಗೂ ಬಲಕ್ಕೂ ಇಷ್ಟು ದೂರವಿದ್ದರೂ ಎರಡೂ ಒಂದೇ ಎಂದು ನಾವೇಕೆ ನಂಬುತ್ತೇವೆ? ಗಂಜ್ ಕಡೆಯ ಯಾವುದಾದರೂ ಹಳೆಯ ಗ್ಯಾರೇಜಿನಲ್ಲಿ ಒಂದು ಬೆಳಿಗ್ಗೆ ಕೂತರೆ ಗೊತ್ತಾಗುತ್ತದೆ. ಯಾಮಾಹಾ ಆರ್‌ಎಕ್ಸ್ 100 ಬರುತ್ತದೆ. 1985ರಿಂದ 1996ರವರೆಗೆ ನಮ್ಮಲ್ಲಿ ತಯಾರಾದ, 98 ಸಿಸಿಯ, ಎರಡು ಹಂತದ ಗಾಡಿ. ಮಾಲೀಕ ಅದು ಹುಟ್ಟಿದ ಎಷ್ಟೋ ವರ್ಷದ ನಂತರ ಹುಟ್ಟಿದವನು. ಮೆಕ್ಯಾನಿಕ್ ಸೈಲೆನ್ಸರಿನ ಬಾಲದ ಬೋಲ್ಟ್ ಬಿಚ್ಚಿ ಬ್ಯಾಫಲ್ ಎನ್ನುವ ಒಳಕೊಳವೆಯನ್ನು ಇಕ್ಕಳದಿಂದ ಹಿಡಿದೆಳೆಯುತ್ತಾನೆ. ಕಪ್ಪು ಎಣ್ಣೆ ಮೆತ್ತಿದ ಅದನ್ನು ಗೋಣಿಚೀಲದ ಮೇಲೆ ಬಡಿದು ಮಸಿ ಉದುರಿಸುತ್ತಾನೆ. ಮತ್ತೆ ಒಳಗೆ ಹಾಕಲೋ ಬೇಡವೋ ಎಂದು ಹುಬ್ಬಿನಲ್ಲೇ ಕೇಳುತ್ತಾನೆ. ಹುಡುಗ ಬೇಡ ಎಂದು ತಲೆ ಅಲ್ಲಾಡಿಸುತ್ತಾನೆ. ಗಾಡಿ ಹೊರಟಾಗ ಬೀದಿಯೆಲ್ಲ ತಿರುಗಿ ನೋಡುತ್ತದೆ, ವೇಗ ಹೆಚ್ಚಿತು ಎಂದು ಅವನು ಆಣೆ ಮಾಡಿ ಹೇಳುತ್ತಾನೆ. ಎರಡು ಹಂತದ ಎಂಜಿನ್‌ನಲ್ಲಿ ಹೊಗೆಕೊಳವೆಯ ಆಕಾರವೇ ಒತ್ತಡದ ಅಲೆಯನ್ನು ಹಿಂದಕ್ಕೆ ತಳ್ಳಿ, ತಪ್ಪಿಸಿಕೊಳ್ಳುವ ಹೊಸ ಇಂಧನವನ್ನು ಸಿಲಿಂಡರಿಗೆ ಮರಳಿಸುತ್ತದೆ. ಅದನ್ನು ಕೆಡಿಸಿದರೆ ಕಡಿಮೆ ವೇಗದಲ್ಲಿ ಎಳೆತ ಕುಗ್ಗುವುದೇ ಹೆಚ್ಚು. ಮುಂದಿನ ವೃತ್ತದಲ್ಲಿ ಪೊಲೀಸರು ಕಾದಿರುತ್ತಾರೆ ಎಂಬುದು ಬೇರೆ ಮಾತು. ಅವರು ಕಿತ್ತ ಸೈಲೆನ್ಸರುಗಳನ್ನು ರಸ್ತೆಗೆ ಸಾಲಾಗಿ ಹಾಸಿ ರೋಡ್ ರೋಲರ್ ಹರಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ.

ಇನ್ನು ಚರಿತ್ರೆ. ಹಳೆಯ ಕಾಲ ಎಂದರೆ ಅಬ್ಬರದ ಕಾಲ, ಹೊಸದು ಎಂದರೆ ಮೌನ ಎಂಬ ನೇರ ಗೆರೆ ಎಳೆಯಲು ಬರುವುದಿಲ್ಲ. ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದು 1950ರಲ್ಲಿ. ಆಗಲೇ ಬ್ರಿಟನ್ನಿನ ಬಿಆರ್‌ಎಂ, ಬರೀ ಒಂದೂವರೆ ಲೀಟರಿನಲ್ಲಿ ಹದಿನಾರು ಸಿಲಿಂಡರು ತುರುಕಿದ ಎಂಜಿನ್ ಮಾಡಿ, ಕಿವಿ ಹರಿಯುವಂತೆ ಚೀರಿಸಿತ್ತು. ಆ ಚೀರಾಟಕ್ಕೆ ತಕ್ಕ ಗೆಲುವು ಮಾತ್ರ ಅದಕ್ಕೆ ಬರಲಿಲ್ಲ. 1967ರಲ್ಲಿ ಬಂದ ಮೂರು ಲೀಟರಿನ ಕಾಸ್ವರ್ತ್ ಡಿಎಫ್‌ವಿ ವಿ8, ಮೊದಲ ಸ್ಪರ್ಧೆಯಲ್ಲೇ ಜಿಮ್ ಕ್ಲಾರ್ಕ್‌ಗೆ ಜಯ ತಂದುಕೊಟ್ಟು, ಮುಂದೆ ಒಟ್ಟು 155 ಗೆಲುವುಗಳವರೆಗೆ ಓಡಿತು. ಅದರದು ಒರಟು, ಗಡಸು ಗಂಟಲು.

1977ರಲ್ಲಿ ರೆನೊ ಒಂದೂವರೆ ಲೀಟರಿನ ಟರ್ಬೊ ತಂದಾಗ ಎಲ್ಲರೂ ನಕ್ಕರು. ಮತ್ತೆ ಮತ್ತೆ ಕೆಟ್ಟು ಬಿಳಿ ಹೊಗೆ ಉಗುಳುತ್ತಿದ್ದ ಆ ಹಳದಿ ಕಾರಿಗೆ ಟೀ ಕುದಿಸುವ ಪಾತ್ರೆಯ ಹೆಸರಿಟ್ಟರು. 1979ರಲ್ಲಿ ಫ್ರಾನ್ಸಿನ ದಿಜೋನ್‌ನಲ್ಲಿ ಅದು ಗೆದ್ದಿತು. ನಾಲ್ಕೈದು ವರ್ಷದಲ್ಲಿ ಟರ್ಬೊ ಇಲ್ಲದೆ ಗೆಲ್ಲುವುದೇ ಕಷ್ಟವಾಯಿತು. ಬಿಎಂಡಬ್ಲ್ಯುವಿನ ನಾಲ್ಕು ಸಿಲಿಂಡರಿನ ಎಂಜಿನ್ ಅರ್ಹತಾ ಸುತ್ತಿನಲ್ಲಿ ಸಾವಿರ ಅಶ್ವಶಕ್ತಿಯನ್ನೂ ಮೀರಿತು. ಫಾರ್ಮುಲಾ ಒನ್ ಕಂಡ ಅತಿ ಉಗ್ರ ಎಂಜಿನ್‌ಗಳಲ್ಲಿ ಅದೂ ಒಂದು, ಆದರೆ ಅದರ ದನಿ ಟರ್ಬೊದಲ್ಲಿ ಸೋಸಿ ಬಂದ ದಪ್ಪ ದನಿ. 1988ರಲ್ಲಿ ಸೆನ್ನಾ ಮತ್ತು ಪ್ರಾಸ್ಟ್ ಓಡಿಸಿದ ಮೆಕ್ಲಾರೆನ್-ಹೋಂಡಾ 16 ಸ್ಪರ್ಧೆಗಳಲ್ಲಿ 15 ಗೆದ್ದದ್ದು ಅಂಥದೇ ವಿ6 ಟರ್ಬೊದಿಂದ. ಹಳೆಯ ಕಾಲದ ಮಹಿಮೆ ಹಾಡುವವರು ಆ ಕಾರಿನ ಭಾವಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡೇ ವಿ6 ಟರ್ಬೊವನ್ನು ಬೈಯುತ್ತಾರೆ.

1989ರಲ್ಲಿ ಟರ್ಬೊ ನಿಷೇಧವಾಯಿತು. ನಮ್ಮ ಪೀಳಿಗೆ ನೆನೆಯುವ ಕೂಗಿನ ಕಾಲ ಆರಂಭವಾದದ್ದು ಅಲ್ಲಿಂದ. ಇದು ಯಾರೋ ಇಂಪಿಗಾಗಿ ಮಾಡಿದ್ದಲ್ಲ. ಎಂಜಿನ್‌ನ ಗಾತ್ರಕ್ಕೆ ಮಿತಿ ಹಾಕಿ, ಟರ್ಬೊ ಕಿತ್ತುಕೊಂಡರೆ, ಹೆಚ್ಚು ಬಲಕ್ಕೆ ಉಳಿಯುವ ದಾರಿ ಒಂದೇ: ಇನ್ನೂ ಜೋರಾಗಿ ತಿರುಗಿಸುವುದು. ಮೂರೂವರೆ ಲೀಟರು 1995ರಲ್ಲಿ ಮೂರಕ್ಕೆ ಇಳಿಯಿತು, ಸುತ್ತು ಮಾತ್ರ ವರ್ಷವರ್ಷವೂ ಏರಿತು. 2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಜೋರ್ಡಾನ್ ತಂಡದಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯನಾದಾಗ ಅವರ ಬೆನ್ನ ಹಿಂದೆ ಇದ್ದದ್ದು ಟೊಯೊಟಾದ ವಿ10. ಅದೇ ವರ್ಷ ವಿ10 ಯುಗವೂ ಹೆಚ್ಚುಕಡಿಮೆ ಮುಗಿಯಿತು. 2006ರಲ್ಲಿ 2.4 ಲೀಟರಿನ ವಿ8 ಬಂತು. ಆ ವಿ8ನ್ನು ಬಡಕಲು ಎಂದು ಬೈದ ವಿ10 ಭಕ್ತರು ಆಗಲೇ ಇದ್ದರು. ಇಂದು ಅದೇ ವಿ8ಕ್ಕಾಗಿ ಹಲುಬುವವರಲ್ಲಿ ಅವರೂ ಸೇರಿದ್ದಾರೆ.

ನಮ್ಮವರು ನಿಜವಾಗಿ ಕೇಳಿದ್ದೂ ಈ ವಿ8ನ್ನೇ. 2011ರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಬೆಂಗಳೂರಿನ ನೈಸ್ ರಸ್ತೆಯಲ್ಲಿ ಮೆಕ್ಲಾರೆನ್ ಓಡಿಸಿ ತೋರಿಸಿದರು. ಅದೇ ವರ್ಷ ಅಕ್ಟೋಬರ್ 30ರಂದು ಗ್ರೇಟರ್ ನೊಯ್ಡಾದ ಬುದ್ಧ ಸರ್ಕಿಟ್‌ನಲ್ಲಿ ಮೊದಲ ಇಂಡಿಯನ್ ಗ್ರ್ಯಾನ್ ಪ್ರಿ ನಡೆಯಿತು. 2013ರ ಅಕ್ಟೋಬರ್‌ಗೆ ಅದು ಮುಗಿದೇ ಹೋಯಿತು. ಆ ಮೂರು ವರ್ಷದ ಮೂರೂ ಸ್ಪರ್ಧೆಗಳನ್ನು ಗೆದ್ದದ್ದು ಸೆಬಾಸ್ಟಿಯನ್ ವೆಟೆಲ್. ಟರ್ಬೊ ಹೈಬ್ರಿಡ್ ಬಂದದ್ದು ಮರುವರ್ಷ, ಹೀಗಾಗಿ ಭಾರತದ ನೆಲದಲ್ಲಿ ಅದು ಗ್ರ್ಯಾನ್ ಪ್ರಿ ಓಡಲೇ ಇಲ್ಲ. ರಾಯಚೂರಿನಿಂದ ರೈಲು ಹತ್ತಿ ದೆಹಲಿಗೆ ಹೋಗಿ ಬಂದವರು ಇಂದಿಗೂ ಆ ಸದ್ದನ್ನು ಶುದ್ಧ ಪೆಟ್ರೋಲಿನ ಸದ್ದು ಎಂದು ವರ್ಣಿಸುತ್ತಾರೆ. ಇಲ್ಲೊಂದು ತಮಾಷೆಯಿದೆ. ಅವರು ಕೊಂಡಾಡುವ ವೆಟೆಲ್‌ನ ಕಾರೂ ಹೈಬ್ರಿಡ್ ಕಾರೇ ಆಗಿತ್ತು!

ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಹಿಡಿದು ಬ್ಯಾಟರಿಗೆ ತುಂಬುವ ಕೆಇಆರ್‌ಎಸ್ ವ್ಯವಸ್ಥೆ 2009ರಲ್ಲೇ ಬಂದಿತ್ತು. ಒಂದು ಸುತ್ತಿಗೆ ಆರೂವರೆ ಸೆಕೆಂಡಿನಷ್ಟು ಕಾಲ ಸುಮಾರು 80 ಅಶ್ವಶಕ್ತಿ ಹೆಚ್ಚುವರಿ ಕೊಡುತ್ತಿತ್ತು. ಅದನ್ನು ಬಳಸಿ ಮೊದಲು ಗೆದ್ದವರು ಹ್ಯಾಮಿಲ್ಟನ್, ಅದೇ ವರ್ಷ ಹಂಗೆರಿಯಲ್ಲಿ. 2010ರಲ್ಲಿ ತಂಡಗಳು ಒಪ್ಪಂದ ಮಾಡಿಕೊಂಡು ಬಿಟ್ಟವು, 2011ರಲ್ಲಿ ಮತ್ತೆ ಬಂತು. ನೊಯ್ಡಾದಲ್ಲಿ ಅದಿಲ್ಲದೆ ಓಡಿದವರಲ್ಲಿ ನಮ್ಮ ಕಾರ್ತಿಕೇಯನ್ ಒಬ್ಬರು, ಏಕೆಂದರೆ ಬಡ ಎಚ್‌ಆರ್‌ಟಿ ತಂಡಕ್ಕೆ ಅದನ್ನು ಅಳವಡಿಸುವ ಶಕ್ತಿ ಇರಲಿಲ್ಲ. ಅಂದರೆ ಸದ್ದು ಕುಗ್ಗಿಸಿದ್ದು ಬ್ಯಾಟರಿಯೂ ಅಲ್ಲ, ಮೋಟಾರೂ ಅಲ್ಲ. ಟರ್ಬೊ ಮತ್ತು ಅದಕ್ಕೆ ಜೋಡಿಸಿದ ಎಂಜಿಯು-ಎಚ್, ಕಡಿಮೆ ಸಿಲಿಂಡರು, ಇಂಧನದ ಮಿತಿ ಇವೇ ಕಾರಣ. ಹೈಬ್ರಿಡ್ ಎಂಬ ಪದ ಅನ್ಯಾಯವಾಗಿ ಬೈಗುಳ ತಿನ್ನುತ್ತಿದೆ.

2014ರ ನಿಯಮ ಹುಟ್ಟಿದ್ದು ಕಾರು ಕಂಪನಿಗಳ ಒತ್ತಡದಿಂದ. ಬೀದಿಯ ಕಾರುಗಳು ಸಣ್ಣ ಟರ್ಬೊ ಎಂಜಿನ್‌ಗೆ ಹೊರಳುತ್ತಿದ್ದಾಗ 18,000 ಸುತ್ತಿನ ವಿ8ಕ್ಕೆ ಹಣ ಸುರಿಯಲು ಅವು ಸಿದ್ಧವಿರಲಿಲ್ಲ. 2010ರ ಕೊನೆಯಲ್ಲಿ ಒಪ್ಪಿದ್ದಂತೂ ಇನ್ನೂ ಮೆತ್ತಗಿನದು: ನಾಲ್ಕೇ ಸಿಲಿಂಡರು, 12,000 ಸುತ್ತು. ಫೆರಾರಿಯ ವಿರೋಧದ ನಂತರ, 2011ರಲ್ಲಿ, ಅದು ವಿ6 ಆಗಿ 15,000 ಸುತ್ತಿಗೆ ಏರಿತು. 2014ರ ಮೊದಲ ಸ್ಪರ್ಧೆ ಮೆಲ್ಬರ್ನ್‌ನಲ್ಲಿ ನಡೆದಾಗ ಅಲ್ಲಿನ ಸಂಘಟಕರೇ ಸದ್ದು ಸಾಲದು ಎಂದು ದೂರಿದರು. ಮಾರಾಟಕ್ಕಿಟ್ಟ ಸರಕಿನಲ್ಲಿ ಅರ್ಧ ಕಾಣೆಯಾದಂತಾಗಿತ್ತು ಅವರಿಗೆ. ವೆಟೆಲ್ ಬಹಿರಂಗವಾಗಿ ಹಳಿದರು. ಆ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಮರ್ಸಿಡಿಸ್ ಹೊಗೆಕೊಳವೆಯ ತುದಿಗೆ ಕಹಳೆಯಂತೆ ಅಗಲವಾದ ಬಾಯಿ ಸಿಕ್ಕಿಸಿ ಪರೀಕ್ಷಿಸಿತು. ಏನೂ ಪ್ರಯೋಜನವಾಗಲಿಲ್ಲ. 2016ರಲ್ಲಿ ಟರ್ಬೊದ ಹೆಚ್ಚುವರಿ ಒತ್ತಡಕ್ಕೆ ಬೇರೆಯೇ ಕೊಳವೆ ಇಡಬೇಕೆಂಬ ನಿಯಮ ತಂದರು. ಸ್ವಲ್ಪ ಏರಿತು, ಅಷ್ಟೇ. ಫ್ರಾನ್ಸಿನಲ್ಲಿ ನಡೆಯುವ 24 ಗಂಟೆಗಳ ರೇಸ್ ಲೆ ಮಾನ್ಸ್‌ನ ಪ್ರೇಕ್ಷಕರಿಗಂತೂ ಇದು ಹಳೆಯ ಅನುಭವ: 2006ರಲ್ಲೇ ಆಡಿಯ ಡೀಸೆಲ್ ಕಾರು ಹೆಚ್ಚು ಗದ್ದಲವಿಲ್ಲದೆ ಗೆದ್ದಿತ್ತು, 2012ರಲ್ಲಿ ಅದೇ ಕಂಪನಿಯ ಹೈಬ್ರಿಡ್ ಗೆದ್ದಿತು.

ವೇಗದ ವಾದದಲ್ಲಿ ಹೊಸಬರ ಕೈ ಮೇಲು. ಇಟಲಿಯ ಮೊಂಝಾದಲ್ಲಿ 2004ರಲ್ಲಿ ಹುವಾನ್ ಪಾಬ್ಲೊ ಮೊಂಟೊಯಾ ವಿ10ರಲ್ಲಿ ಗಂಟೆಗೆ ಸರಾಸರಿ 262 ಕಿಲೋಮೀಟರ್ ವೇಗದ ಸುತ್ತು ಹಾಕಿದ್ದರು. 2020ರಲ್ಲಿ ಹ್ಯಾಮಿಲ್ಟನ್ ಹೈಬ್ರಿಡ್‌ನಲ್ಲಿ 264 ದಾಟಿಸಿದರು. ಆದರೆ ಹಳಬರು ಸದ್ದಿನ ಬದಲು ತೂಕದ ವಿಷಯ ಎತ್ತಿದ್ದರೆ ಗೆಲ್ಲುತ್ತಿದ್ದರು. ಮೊಂಟೊಯಾ ಕಾಲದ ಕಾರು ಚಾಲಕನೂ ಸೇರಿ ಸುಮಾರು 600 ಕಿಲೋ ತೂಗುತ್ತಿತ್ತು. 2013ರಲ್ಲಿ 642, ಮರುವರ್ಷ ಟರ್ಬೊ ಹೈಬ್ರಿಡ್ ಬಂದೊಡನೆ 691, 2025ಕ್ಕೆ 800. ಬ್ಯಾಟರಿ, ಸುರಕ್ಷತೆಯ ಕಟ್ಟುಗಳು, ಅಗಲವಾದ ಟೈರು ಎಲ್ಲ ಸೇರಿ ಕಾರು ಉದ್ದವಾಯಿತು, ದಪ್ಪವಾಯಿತು. ಮೊನಾಕೊದಂಥ ಇಕ್ಕಟ್ಟಿನ ಬೀದಿಯಲ್ಲಿ ಇಂದು ಒಬ್ಬರನ್ನೊಬ್ಬರು ದಾಟುವುದು ಅಸಾಧ್ಯಕ್ಕೆ ಹತ್ತಿರವಾಗಿದೆ. ಹಳೆಯ ಕಾರು ತಿರುವಿನಲ್ಲಿ ಚಂಗನೆ ದಿಕ್ಕು ಬದಲಿಸುತ್ತಿದ್ದ ರೀತಿಯನ್ನು ಟಿವಿಯ ಸದ್ದು ಅಡಗಿಸಿ ನೋಡಿದರೂ ಗುರುತಿಸಬಹುದು. ನನ್ನ ಮಟ್ಟಿಗೆ ನಿಜವಾದ ನಷ್ಟ ಅದು. ಸದ್ದಾದರೋ, ಟಿವಿಯಲ್ಲಿ ನಮಗೆ ಕೇಳುವುದು ಮೈಕನ್ನು ಎಲ್ಲಿಟ್ಟಿದ್ದಾರೆ, ಎಷ್ಟು ಏರಿಸಿದ್ದಾರೆ ಎಂಬುದರ ಮೇಲೇ ನಿಂತಿರುತ್ತದೆ.

ಕಣ್ಣೆದುರು ರೇಸ್ ನೋಡುವ ಭಾಗ್ಯ ರಾಯಚೂರಿಗೆ ಹತ್ತಿರ ಬಂದದ್ದು 2023ರ ಫೆಬ್ರುವರಿ 11ರಂದು. ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ನಡೆಯಿತು, ಜಾನ್ ಎರಿಕ್ ವರ್ನ್ ಗೆದ್ದರು. ಬಸ್ಸಿನಲ್ಲಿ ಬೆಳಗ್ಗೆ ಹೊರಟರೆ ಮಧ್ಯಾಹ್ನಕ್ಕೆ ತಲುಪುವ ಊರು. ಪೂರ್ತಿ ವಿದ್ಯುತ್ ಕಾರು, ಸಿಡಿತವೇ ಇಲ್ಲ. ಹೋಗಿ ಬಂದ ಕೆಲವರ ಮಾತು ಕೇಳಿ ನನಗೆ ಅಚ್ಚರಿಯಾಯಿತು: ಟೈರಿನ ಕಿರುಚು, ಗೋಡೆಗೆ ಸವರಿದ ಸದ್ದು, ಪಕ್ಕದವರ ಉದ್ಗಾರ ಇವೆಲ್ಲ ಸ್ಪಷ್ಟವಾಗಿ ಕೇಳಿಸಿದ್ದನ್ನು ಅವರು ಖುಷಿಯಿಂದ ಹೇಳುತ್ತಿದ್ದರು. ವಿ10 ಪಂಗಡದವರು ಅದನ್ನು ರೇಸ್ ಎಂದೇ ಒಪ್ಪಲಿಲ್ಲ. 2024ರ ಸ್ಪರ್ಧೆ ರದ್ದಾದದ್ದರಿಂದ ಆ ವಾದ ಅಲ್ಲಿಗೇ ನಿಂತಿತು.

2026ರ ನಿಯಮದಲ್ಲಿ ಎಂಜಿಯು-ಎಚ್ ತೆಗೆದುಹಾಕಲಾಗಿದೆ. ಅದು ದುಬಾರಿ, ಬೀದಿಯ ಕಾರಿಗೆ ಬೇಕಾಗುವಂಥದ್ದೂ ಅಲ್ಲ ಎಂಬುದು ಕಾರಣ. ಹೊಗೆಯ ದಾರಿಯಲ್ಲಿದ್ದ ಒಂದು ತಡೆ ಹೋಯಿತು. ಆದರೆ ಚಕ್ರ ತಿರುಗಿಸಲು ಎಂಜಿನ್‌ಗೆ ನೆರವಾಗುವ ವಿದ್ಯುತ್ ಮೋಟಾರಿನ ಬಲ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ, ಅಂದರೆ ಒಟ್ಟು ಬಲದಲ್ಲಿ ಹೆಚ್ಚುಕಡಿಮೆ ಅರ್ಧ. ಕನಿಷ್ಠ ತೂಕವನ್ನು ಸುಮಾರು 30 ಕಿಲೋ ಇಳಿಸಿದ್ದಾರೆ, ಇಂಧನ ಪೂರ್ತಿ ಸುಸ್ಥಿರ ಮೂಲದ್ದಾಗಿರಬೇಕು. ಈ ಇಂಧನವೇ ಹಳೆಯ ಪಂಗಡಕ್ಕೆ ಹೊಸ ಆಸೆ ಹುಟ್ಟಿಸಿದೆ. ಇಂಧನ ಶುದ್ಧವಾದ ಮೇಲೆ ಎಂಜಿನ್ ಕೂಗಿದರೇನು ತಪ್ಪು ಎಂಬ ವಾದ ಅವರದು. ಮೋಟಾರು ಕ್ರೀಡೆಯ ವಿಶ್ವ ಸಂಸ್ಥೆ ಎಫ್‌ಐಎಯ ಅಧ್ಯಕ್ಷ ಮೊಹಮ್ಮದ್ ಬಿನ್ ಸುಲಾಯೆಮ್ 2025ರಲ್ಲಿ ಮೊದಲು ವಿ10 ಮಾತೆತ್ತಿ, ಆಮೇಲೆ ವಿ8ಕ್ಕೆ ಇಳಿದರು. ಈಗಿನ ನಿಯಮಾವಳಿ 2030ರವರೆಗಿನದು. ಹೊಸ ಎಂಜಿನ್‌ಗೆ ಹಣ ಹೂಡಿದ ಆಡಿ, ಹೋಂಡಾದಂಥ ಕಂಪನಿಗಳು ಅದಕ್ಕೂ ಮೊದಲು ಒಪ್ಪುವುದು ಕಷ್ಟ. ಒಪ್ಪಿದರೂ ಬರಲಿರುವ ವಿ8ಕ್ಕೆ ಒಂದು ಸಣ್ಣ ಬ್ಯಾಟರಿಯಾದರೂ ಜೊತೆಗಿರುತ್ತದೆ ಎಂಬುದೇ ಚರ್ಚೆಯಲ್ಲಿರುವ ರೂಪ. ಅಂದರೆ ನೊಯ್ಡಾದಲ್ಲಿ ಓಡಿದ್ದಂಥದೇ ಕಾರು.