ಡೆಕಾಲ್ ಸುತ್ತ ಬೆಳ್ಳಿ ಬಣ್ಣದ ಪೊರೆ ಯಾಕೆ ಕಾಣುತ್ತದೆ?

ಓದುಗರ ಪ್ರಶ್ನೆ: ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸಲು ಶುರು ಮಾಡಿ ಸ್ವಲ್ಪ ದಿನವಾಯಿತು. ಈಗ ಮಾಡುತ್ತಿರುವುದು ಮೂರನೇ ವಿಮಾನ, 1/72 ಸ್ಕೇಲ್. ಅಂಟಿಸುವುದು, ಬಣ್ಣ ಹೊಡೆಯುವುದು ಎಲ್ಲ ಚೆನ್ನಾಗಿಯೇ ಬಂತು. ಕಡು ಹಸಿರು ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೇಲೆ ಡೆಕಾಲ್, ಅಂದರೆ ನೀರಿನಲ್ಲಿ ಅದ್ದಿ ಅಂಟಿಸುವ ಅಕ್ಷರ, ಚಿಹ್ನೆಗಳ ತೆಳು ಪೊರೆ ಹಾಕಿದೆ. ಒದ್ದೆ ಇದ್ದಾಗ ಚೆನ್ನಾಗಿ ಕಾಣುತ್ತಿತ್ತು. ಮರುದಿನ ನೋಡಿದರೆ ಅಕ್ಷರಗಳ ಸುತ್ತ ಬೆಳ್ಳಿ ಬಣ್ಣದ ಪೊರೆ! ಬಣ್ಣದಲ್ಲಿ ಬರೆದ ಹಾಗಿಲ್ಲ, ಸ್ಟಿಕ್ಕರ್ ಅಂಟಿಸಿದ ಹಾಗಿದೆ. ಕಿಟ್‌ನಲ್ಲಿ ಬಂದ ಡೆಕಾಲ್ ಕಳಪೆಯೇ? ಇದನ್ನು ಸರಿ ಮಾಡಬಹುದೇ?

ಉತ್ತರ: ಸರಿ ಮಾಡಬಹುದು. ಡೆಕಾಲ್ ಕಳಪೆ ಇರಲಿಕ್ಕಿಲ್ಲ. "ಒದ್ದೆ ಇದ್ದಾಗ ಚೆನ್ನಾಗಿ ಕಾಣುತ್ತಿತ್ತು" ಎಂದಿದ್ದೀರಲ್ಲ, ಉತ್ತರ ಆ ಮಾತಿನಲ್ಲೇ ಇದೆ. ಒದ್ದೆ ಇದ್ದಾಗ ಡೆಕಾಲ್ ಕೆಳಗೆ ನೀರಿತ್ತು. ನೀರು ಒಣಗಿತು, ಆ ಜಾಗಕ್ಕೆ ಗಾಳಿ ಬಂತು. ನಿಮಗೆ ಕಾಣುತ್ತಿರುವ ಬೆಳ್ಳಿ ಬಣ್ಣ ಆ ಗಾಳಿಯದು. ಮಾಡೆಲ್ ಮಾಡುವವರು ಇದನ್ನು ಸಿಲ್ವರಿಂಗ್ ಅನ್ನುತ್ತಾರೆ. ಶುರುವಿನಲ್ಲಿ ಇದು ಕಾಡದವರು ಕಡಿಮೆ. ನನ್ನ ಮೊದಲ ನಾಲ್ಕೈದು ವಿಮಾನಗಳಲ್ಲೂ ಇದೇ ಆಗಿತ್ತು. ನಾನೂ ಡೆಕಾಲನ್ನೇ ದೂರುತ್ತಿದ್ದೆ.

ಗಾಳಿ ಅಲ್ಲಿ ಹೇಗೆ ನಿಂತಿತು ಅನ್ನುವುದು ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ಮ್ಯಾಟ್ ಬಣ್ಣಕ್ಕೆ ಯಾಕೆ ಹೊಳಪಿಲ್ಲ? ಅದರ ಮೇಲ್ಮೈ ಒರಟು. ಆ ಬಣ್ಣದಲ್ಲಿ ಸಿಲಿಕಾದಂಥ ತುಂಬ ಸಣ್ಣ ಕಣಗಳು ಬೆರೆತಿರುತ್ತವೆ. ಬಣ್ಣ ಒಣಗಿದಾಗ ಅವು ಮೇಲೆ ಎದ್ದು ನಿಲ್ಲುತ್ತವೆ. ಬೆಳಕು ಅವಕ್ಕೆ ಬಡಿದು ದಿಕ್ಕುದಿಕ್ಕಿಗೆ ಚೆದುರುತ್ತದೆ. ಬೆರಳಿಗೆ ನುಣ್ಣಗೆ ಅನಿಸಬಹುದು. ಆದರೆ ಡೆಕಾಲ್ ಪೊರೆಯ ಪಾಲಿಗೆ ಅದು ಗುಡ್ಡ, ಕಣಿವೆ. ಪೊರೆ ಗುಡ್ಡದ ತುದಿಗಳ ಮೇಲೆ ಮಾತ್ರ ಕೂರುತ್ತದೆ. ಕಣಿವೆಗಳಲ್ಲಿ ಗಾಳಿ ಉಳಿಯುತ್ತದೆ.

ಇನ್ನು ಬೆಳಕಿನ ಕತೆ. ಬೆಳಕು ಗಾಳಿಯಿಂದ ಪ್ಲಾಸ್ಟಿಕ್ಕಿಗೆ, ಪ್ಲಾಸ್ಟಿಕ್ಕಿನಿಂದ ಗಾಳಿಗೆ ದಾಟುವಾಗ ಪ್ರತಿ ಸಲ ಸ್ವಲ್ಪ ವಾಪಸ್ ಬರುತ್ತದೆ. ನೇರ ಬಿದ್ದ ಬೆಳಕಾದರೆ ನೂರರಲ್ಲಿ ಸುಮಾರು 4 ಭಾಗ. ಪೊರೆ ಬಣ್ಣಕ್ಕೆ ಪೂರ್ತಿ ಅಂಟಿಕೊಂಡಿದ್ದರೆ ಮಧ್ಯದಲ್ಲಿ ಇಂಥ ದಾಟುವಿಕೆ ಇಲ್ಲವೇ ಇಲ್ಲ ಅನ್ನಬಹುದು. ಗಾಳಿ ಸಿಕ್ಕಿಕೊಂಡಿದ್ದರೆ ಎರಡು ಸಲ ಜಾಸ್ತಿ ದಾಟಬೇಕು. ವಾಪಸ್ ಬಂದ ಆ ಬೆಳಕೇ ಬೆಳ್ಳಿಯ ಹಾಗೆ ಕಾಣುವುದು. ಮೊಬೈಲಿಗೆ ಹಾಕಿದ ಸ್ಕ್ರೀನ್ ಗಾರ್ಡ್ ಕೆಳಗೆ ಗಾಳಿಗುಳ್ಳೆ ಹೊಳೆಯುತ್ತದಲ್ಲ, ಇದೂ ಅದೇ. ಅಲ್ಲಿ ಒಂದು ದೊಡ್ಡ ಗುಳ್ಳೆ, ಇಲ್ಲಿ ಕಣ್ಣಿಗೆ ಕಾಣದ ಸಾವಿರಾರು. ಬಿಳಿ ಬಣ್ಣದ ಮೇಲಾದರೆ ಇದು ಗೊತ್ತೇ ಆಗುವುದಿಲ್ಲ. ಕಪ್ಪು, ಕಡು ಹಸಿರು, ಕಡು ನೀಲಿ ಮೇಲೆ ಎದ್ದು ಕಾಣುತ್ತದೆ. ನಿಮ್ಮದು ಕಡು ಹಸಿರು.

ನಂಬಿಕೆ ಬರದಿದ್ದರೆ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಮಬ್ಬು ಗಾಜಿನ ಒರಟು ಬದಿಗೆ ಪಾರದರ್ಶಕ ಟೇಪ್ ಅಂಟಿಸಿ, ಉಗುರಿನಿಂದ ಚೆನ್ನಾಗಿ ತಿಕ್ಕಿ. ಟೇಪ್ ಇರುವಷ್ಟು ಜಾಗದಲ್ಲಿ ಗಾಜಿನ ಆಚೆ ಕಾಣತೊಡಗುತ್ತದೆ. ಗಾಜು ಅದೇ. ಅದರ ತಗ್ಗುಗಳಲ್ಲಿದ್ದ ಗಾಳಿಯ ಜಾಗಕ್ಕೆ ಟೇಪಿನ ಅಂಟು ಹೋಗಿ ಕೂತಿದೆ, ಅಷ್ಟೇ.

ಹಾಗಾಗಿ ಡೆಕಾಲ್ ಹಾಕುವ ಮೊದಲು ಬಣ್ಣದ ಮೇಲೆ ಗ್ಲಾಸಿ ಕ್ಲಿಯರ್, ಅಂದರೆ ಹೊಳಪಿನ ಪಾರದರ್ಶಕ ಕೋಟ್ ಹೊಡೆಯಬೇಕು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಇಲ್ಲೊಂದು ಮಾತು ಬಿಟ್ಟುಹೋಗುತ್ತದೆ, ನನಗೆ ಅದೇ ಮುಖ್ಯ. ಡೆಕಾಲಿಗೆ ಬೇಕಾದದ್ದು ಹೊಳಪಲ್ಲ, ನುಣುಪು. ನುಣುಪಾದ ಕಡೆ ಹೊಳಪು ತಾನಾಗಿಯೇ ಬರುತ್ತದೆ. ಆದರೆ ಹೊಳೆಯುವುದೆಲ್ಲ ನುಣುಪಾಗಿರುವುದಿಲ್ಲ. ಗ್ಲಾಸಿ ಕ್ಲಿಯರ್ ಹೊಡೆದೂ ಸಿಲ್ವರಿಂಗ್ ಬಂತು ಅನ್ನುವವರು ತುಂಬ ಜನ. ಅವರ ಮಾಡೆಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಉಬ್ಬು ಕಾಣುತ್ತದೆ. ಸ್ಪ್ರೇ ಕ್ಯಾನನ್ನು ತುಂಬ ದೂರದಿಂದ ಹೊಡೆದಿರುತ್ತಾರೆ. ಹನಿಗಳು ಗಾಳಿಯಲ್ಲೇ ಅರ್ಧ ಒಣಗಿ ಪುಡಿಯ ಹಾಗೆ ಬಂದು ಕೂರುತ್ತವೆ. ಹೊಳಪಿದೆ, ನುಣುಪಿಲ್ಲ.

ಸ್ಪ್ರೇ ಕ್ಯಾನ್ ಆದರೆ 20ರಿಂದ 25 ಸೆಂಟಿಮೀಟರ್ ದೂರ ಸಾಕು. ಮೊದಲು ತೆಳುವಾಗಿ ಒಂದು ಕೋಟ್, ಹತ್ತು ಹದಿನೈದು ನಿಮಿಷ ಬಿಟ್ಟು ಸ್ವಲ್ಪ ಒದ್ದೆ ಅನಿಸುವಷ್ಟು ಇನ್ನೊಂದು. ಮೇಲ್ಮೈ ಒಂದು ಕ್ಷಣ ನೀರು ಹರಡಿದ ಹಾಗೆ ಕಾಣಬೇಕು. ಅದಕ್ಕಿಂತ ಜಾಸ್ತಿಯಾದರೆ ಇಳಿಯುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಚಿಕ್ಕ ಸಾಧನ) ಇದ್ದರೆ ಟಾಮಿಯಾ ಕಂಪನಿಯ ಎಕ್ಸ್-22 ಕ್ಲಿಯರ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಅಕ್ರಿಲಿಕ್, ಚೆನ್ನಾಗಿ ತೆಳು ಮಾಡಿಕೊಂಡು ಹೊಡೆಯಬೇಕು. ಎನಾಮೆಲ್ ಬಣ್ಣ ಬಳಸಿದ್ದರೆ ಅದರ ಮೇಲೆ ಲ್ಯಾಕರ್ ಕ್ಲಿಯರ್ ಹೊಡೆಯಲು ಹೋಗಬೇಡಿ. ಲ್ಯಾಕರ್‌ನ ಥಿನ್ನರ್ ತುಂಬ ಖಾರ, ಕೆಳಗಿನ ಎನಾಮೆಲ್ ಸುಕ್ಕುಗಟ್ಟಬಹುದು.

ಹೊಡೆದ ಮೇಲೆ ಒಂದು ದಿನ ಪೂರ್ತಿ ಬಿಡಿ, ಎರಡು ದಿನವಾದರೆ ಇನ್ನೂ ಒಳ್ಳೆಯದು. ಮುಟ್ಟಿದರೆ ಕೈಗೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಒಳಗೂ ಒಣಗಿದೆ ಎಂದಲ್ಲ. ಆಮೇಲೆ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ರೆಕ್ಕೆಯ ಮೇಲೆ ಟಾರ್ಚಿನ ಪ್ರತಿಬಿಂಬದ ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿದ್ದರೆ ಡೆಕಾಲ್ ಹಾಕಬಹುದು. ಅಂಚು ಚೆದುರಿದ್ದರೆ 2000 ಗ್ರಿಟ್ ಅಥವಾ ಅದಕ್ಕಿಂತ ನಯವಾದ ಮರಳು ಕಾಗದವನ್ನು ಒದ್ದೆ ಮಾಡಿ ಹಗುರವಾಗಿ ಉಜ್ಜಿ, ಇನ್ನೊಂದು ಕೋಟ್ ಹೊಡೆಯಿರಿ.

ಈಗ ಡೆಕಾಲ್. ಈ ಪದ ಬಂದಿದ್ದು ಫ್ರೆಂಚಿನ ಡೆಕಾಲ್ಕೊಮನಿಯಿಂದ. ಕಾಗದದ ಮೇಲಿನ ಚಿತ್ರವನ್ನು ಪಿಂಗಾಣಿ, ಗಾಜಿನ ಮೇಲೆ ಇಳಿಸುವ ಕಲೆ ಅದು. ನಾವು ಮಾಡುವುದೂ ಅದನ್ನೇ. ಕೆಳಗೆ ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಅಂಟು, ಅದರ ಮೇಲೆ ಪಾರದರ್ಶಕ ಪೊರೆ ಮತ್ತು ಅಚ್ಚು. ಅಚ್ಚಿನ ಸುತ್ತ ಪೊರೆ ಎಷ್ಟು ಕಡಿಮೆ ಇದೆಯೋ ಅಷ್ಟು ಒಳ್ಳೆಯದು. ಅದಕ್ಕೇ ಹೊಸ ಬ್ಲೇಡಿನಲ್ಲಿ ಅಚ್ಚಿನ ಅಂಚಿಗೆ ಹತ್ತಿರವಾಗಿ ಕತ್ತರಿಸಿಕೊಳ್ಳಿ. ಅಕ್ಷರಗಳ ಮಧ್ಯದ ಪೊರೆ ಮಾತ್ರ ಕತ್ತರಿಸಲು ಬರುವುದಿಲ್ಲ, ಸಿಲ್ವರಿಂಗ್ ಮೊದಲು ಕಾಣುವುದೂ ಅಲ್ಲೇ.

ಡೆಕಾಲನ್ನು ನೀರಿನಲ್ಲಿ ತೇಲಲು ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ತಪ್ಪು. ಅಂಟು ಪೂರ್ತಿ ತೊಳೆದು ಹೋಗುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡ್ ಅದ್ದಿ, ತೆಗೆದು ಟಿಶ್ಯೂ ಮೇಲೆ ಇಡಿ. ಒಂದು ನಿಮಿಷ ಕಾಯಿರಿ. ಬೆರಳಿನಿಂದ ಸುಮ್ನೆ ತಳ್ಳಿದರೆ ಜಾರುವಂತಿರಬೇಕು.

ಇದರ ಜೊತೆ ಎರಡು ದ್ರವ ಇಟ್ಟುಕೊಳ್ಳಿ. ಮೈಕ್ರೋಸ್ಕೇಲ್ ಕಂಪನಿಯ ಮೈಕ್ರೋ ಸೆಟ್, ಮೈಕ್ರೋ ಸಾಲ್ ಅನ್ನುವ ಜೋಡಿ ತುಂಬ ಜನರ ಬಳಿ ಇರುತ್ತದೆ. ಸೆಟ್ ಬಾಟಲಿ ತೆಗೆದ ಕೂಡಲೇ ವಿನೆಗರ್ ವಾಸನೆ, ಯಾಕೆಂದರೆ ಅದರಲ್ಲಿರುವುದು ಅಸಿಟಿಕ್ ಆಮ್ಲ. ಇದನ್ನು ಡೆಕಾಲ್ ಕೂರುವ ಜಾಗಕ್ಕೆ ಮೊದಲೇ ಹಚ್ಚಬೇಕು. ಮೇಲ್ಮೈ ಒದ್ದೆಯಾಗಿ, ದ್ರವ ಸಂದುಗೊಂದುಗಳಿಗೆಲ್ಲ ಹೋಗುತ್ತದೆ. ಆಮೇಲೆ ಕಾಗದವನ್ನು ಪಕ್ಕದಲ್ಲಿಟ್ಟು ಡೆಕಾಲನ್ನು ಬ್ರಷ್‌ನಿಂದ ಜಾರಿಸಿ, ಜಾಗಕ್ಕೆ ತನ್ನಿ. ಒದ್ದೆ ಮಾಡಿ ಹಿಂಡಿದ ಹತ್ತಿ ಕಡ್ಡಿಯನ್ನು ಮಧ್ಯದಿಂದ ಅಂಚಿನ ಕಡೆಗೆ ಉರುಳಿಸಿ, ನೀರು ಹೊರಗೆ ಬರಲಿ. ಉಜ್ಜಬೇಡಿ, ಉರುಳಿಸಿ.

ಸಾಲ್ ಪೊರೆಯನ್ನೇ ಮೆತ್ತಗೆ ಮಾಡುತ್ತದೆ. ಇದನ್ನು ಮೇಲಿನಿಂದ ಹಚ್ಚಬೇಕು. ಒಂದೆರಡು ನಿಮಿಷದಲ್ಲಿ ಡೆಕಾಲ್ ಸುಕ್ಕು ಸುಕ್ಕಾಗುತ್ತದೆ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ಆಗ ಮಾತ್ರ ಕೈ ಹಾಕಬೇಡಿ, ದಯವಿಟ್ಟು. ಆ ಹೊತ್ತಿನಲ್ಲಿ ಅದು ಒದ್ದೆ ಹಪ್ಪಳಕ್ಕಿಂತ ಮೆತ್ತಗಿರುತ್ತದೆ. ನಾನು ಒಮ್ಮೆ ಸುಕ್ಕು ಬಿಡಿಸಲು ಬ್ರಷ್ ತಾಗಿಸಿದೆ, ರೆಕ್ಕೆಯ ಮೇಲಿನ ನಕ್ಷತ್ರದ ಒಂದು ಮೂಲೆ ಬ್ರಷ್‌ಗೇ ಅಂಟಿಕೊಂಡು ಬಂತು. ಸುಮ್ಮನೆ ಬಿಟ್ಟಿದ್ದರೆ ಒಣಗುತ್ತಾ ತಾನೇ ಎಳೆದುಕೊಂಡು ಚಪ್ಪಟೆಯಾಗುತ್ತಿತ್ತು. ಬೆಳಿಗ್ಗೆ ಎದ್ದು ನೋಡುವಾಗ ಪ್ಯಾನೆಲ್ ಲೈನ್‌ಗಳ (ವಿಮಾನದ ತಗಡುಗಳ ಸಂದು ತೋರಿಸುವ ಕೊರೆದ ಗೆರೆಗಳ) ಒಳಗೂ ಡೆಕಾಲ್ ಇಳಿದಿರುತ್ತದೆ. ಆ ಗೆರೆ ಡೆಕಾಲ್ ಮೇಲೂ ಹಾಗೇ ಮುಂದುವರಿದಿರುವುದನ್ನು ನೋಡುವ ಖುಷಿಗೇ ನಾನು ಈ ಕೆಲಸ ಮಾಡುತ್ತೇನೆ ಅನ್ನಬಹುದು.

ಮಿಸ್ಟರ್ ಮಾರ್ಕ್ ಸೆಟ್ಟರ್, ಮಿಸ್ಟರ್ ಮಾರ್ಕ್ ಸಾಫ್ಟರ್ ಕೂಡ ಇಂಥದೇ ಜೋಡಿ. ಯಾವುದೇ ಆಗಲಿ, ಮೊದಲು ರೆಕ್ಕೆಯ ಅಡಿಯಲ್ಲಿ, ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ನೋಡಿ. ಕೆಲವು ಸಾಫ್ಟ್‌ನರ್‌ಗಳು (ಸಾಲ್‌ನ ಹಾಗೆ ಪೊರೆ ಮೆತ್ತಗೆ ಮಾಡುವ ದ್ರವಗಳು) ಅಕ್ರಿಲಿಕ್ ಕ್ಲಿಯರನ್ನೂ ಕೆಡಿಸುತ್ತವೆ. ಡೆಕಾಲಿನ ಪೊರೆಯೂ ಒಂದೇ ಥರ ಇರುವುದಿಲ್ಲ. ತೆಳು ಪೊರೆಗೆ ಒಂದು ಸಲ ಸಾಕು, ದಪ್ಪ ಪೊರೆಗೆ ಮೂರು ನಾಲ್ಕು ಸಲ ಬೇಕಾಗಬಹುದು.

ನಿಮ್ಮ ವಿಮಾನದ ವಿಚಾರಕ್ಕೆ ಬರೋಣ. ಆಗಲೇ ಒಣಗಿರುವ ಡೆಕಾಲ್ ಕೆಳಗಿನ ಗಾಳಿಯನ್ನು ಹೊರಗೆ ಹಾಕಬೇಕು. ಅದಕ್ಕೆ ದಾರಿ ಮಾಡಿಕೊಡಬೇಕು, ಅಲ್ವಾ? ತೆಳುವಾದ ಸೂಜಿ ತೆಗೆದುಕೊಂಡು ಬೆಳ್ಳಿ ಕಾಣುವ ಕಡೆಯಲ್ಲೆಲ್ಲ ಹಗುರವಾಗಿ ಚುಚ್ಚಿ. ಎಳೆಯಬೇಡಿ, ಸುಮ್ನೆ ಚುಕ್ಕಿ ಇಟ್ಟ ಹಾಗೆ. ಮೇಲಿಂದ ಸಾಫ್ಟ್‌ನರ್ ಹಚ್ಚಿ. ದ್ರವ ಆ ತೂತುಗಳಿಂದ ಒಳಗೆ ನುಗ್ಗುವುದು ಕಣ್ಣಿಗೇ ಕಾಣುತ್ತದೆ: ಬೆಳ್ಳಿಯ ಮಧ್ಯೆ ಹಸಿರು ಚುಕ್ಕೆ ಮೂಡಿ, ನಿಧಾನವಾಗಿ ಹರಡುತ್ತದೆ. ಒಣಗಲು ಬಿಡಿ, ಕೆಲವು ಗಂಟೆ ಆಗಲಿ. ಉಳಿದ ಕಡೆ ಮತ್ತೆ ಚುಚ್ಚಿ, ಮತ್ತೆ ಹಚ್ಚಿ. ನಾನು ಒಂದೇ ಡೆಕಾಲಿಗೆ ಐದು ಸಲ ಮಾಡಿದ್ದಿದೆ. ನೂರಕ್ಕೆ ನೂರು ಹೋಗುತ್ತದೆ ಅನ್ನಲಾರೆ. ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಕೂತ ಡೆಕಾಲಿನಲ್ಲಿ ಸ್ವಲ್ಪ ಮಬ್ಬು ಉಳಿಯಬಹುದು. ಕೈಯಲ್ಲಿ ಹಿಡಿದಾಗ ಕಾಣುತ್ತದೆ, ಶೆಲ್ಫ್‌ನಲ್ಲಿಟ್ಟಾಗ ಕಾಣುವುದಿಲ್ಲ. ಅಕ್ಷರಗಳ ಮಧ್ಯೆ ಒಂದೆರಡು ಕಡೆ ಹಟ ಹಿಡಿದು ಉಳಿದರೆ, ಅದೇ ಹಸಿರು ಬಣ್ಣವನ್ನು ತೀರ ಸಣ್ಣ ಬ್ರಷ್‌ನಲ್ಲಿ ಪೊರೆಯ ಮೇಲೆ ಹಚ್ಚಿಬಿಡಿ.

ಇದೆಲ್ಲ ಮುಗಿದ ಮೇಲೆ ಸ್ವಲ್ಪ ನೀರಿನಲ್ಲಿ ಅದ್ದಿದ ಹತ್ತಿಯಿಂದ ಡೆಕಾಲ್ ಸುತ್ತ ಒರೆಸಿ. ಹೊರಗೆ ಬಂದ ಅಂಟು ಹಾಗೇ ಉಳಿದರೆ ಕಲೆ ಕಾಣುತ್ತದೆ. ಆಮೇಲೆ ತೆಳುವಾಗಿ ಗ್ಲಾಸಿ, ಅದು ಒಣಗಿದ ಮೇಲೆ ಮ್ಯಾಟ್ ಕ್ಲಿಯರ್. ಬಣ್ಣದ ಹೊಳಪೂ ಡೆಕಾಲಿನ ಹೊಳಪೂ ಒಂದೇ ಆಗಿ ಪೊರೆಯ ಅಂಚು ಮರೆಯಾಗುತ್ತದೆ. ಮ್ಯಾಟ್ ಮುಗಿಸುವ ಅವಸರದಲ್ಲಿ ಸಿಲ್ವರಿಂಗ್ ಮೇಲೇ ಹೊಡೆದರೆ ಬೆಳ್ಳಿ ಹೋಗುವುದಿಲ್ಲ. ಕ್ಲಿಯರ್ ಕೆಳಗೆ ಹೂತು ಕೂರುತ್ತದೆ, ಸಾಫ್ಟ್‌ನರ್ ಕೂಡ ಅಲ್ಲಿಗೆ ಇಳಿಯುವುದು ಕಷ್ಟ. ನೀವು ಇನ್ನೂ ಹೊಡೆದಿಲ್ಲ ಅಂದುಕೊಂಡಿದ್ದೇನೆ. ಸಾಫ್ಟ್‌ನರ್ ಕೈಗೆ ಬರುವವರೆಗೆ ವಿಮಾನದ ಮೇಲೆ ಒಂದು ಡಬ್ಬಿ ಮುಚ್ಚಿಡಿ, ಧೂಳು ಕೂರುವುದು ಬೇಡ.